ತರಾವಾದ ಮೀನು ಯಾರ ಪಾಲು?

ಪ್ರಶ್ನೆ: ನಾನು ಉಡುಪಿ ಕಡೆಯವನು, ಸರಕು ಹಡಗಿನಲ್ಲಿ ಎಂಜಿನಿಯರ್. ಕಳೆದ ವರ್ಷ ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದಲ್ಲಿ, ತರಾವಾ ದ್ವೀಪದ ಹತ್ತಿರ, ನಮ್ಮ ಹಡಗು ಒಂಬತ್ತು ದಿನ ಲಂಗರು ಹಾಕಿತ್ತು. ಸುತ್ತಲೂ ಕೊರಿಯಾ, ತೈವಾನ್, ಚೀನಾದ ದೊಡ್ಡ ದೊಡ್ಡ ಮೀನಿನ ಹಡಗುಗಳು. ಕ್ರೇನಿನಲ್ಲಿ ಟನ್‌ಗಟ್ಟಲೆ ಟ್ಯೂನಾ ಎತ್ತಿ ಬೇರೆ ಹಡಗಿಗೆ ತುಂಬುತ್ತಿದ್ದರು. ದಡಕ್ಕಿಳಿದು ಅಂಗಡಿಗೆ ಹೋದರೆ ಅಲ್ಲಿ ಥಾಯ್ಲೆಂಡಿನಿಂದ ಬಂದ ಟ್ಯೂನಾ ಡಬ್ಬಿ! ನನ್ನ ಹೊಟ್ಟೆ ಉರಿಯಿತು. ಇದು ಹಗಲು ದರೋಡೆ ಅಲ್ವಾ? ಅವರು ಸಮುದ್ರ ಬಂದ್ ಮಾಡಿ ತಾವೇ ಮೀನು ಹಿಡಿಯಬಾರದಾ, ತಾವೇ ಫ್ಯಾಕ್ಟರಿ ಹಾಕಬಾರದಾ? ಹೀಗೇ ಆದರೆ ಮೀನು ಮುಗಿದು ಹೋಗಲ್ವಾ? ಮುಂದಿನ ಸಲ ಹೋದಾಗ ನಾವು ಹಡಗಿನವರು ಅಲ್ಲಿ ಮೀನು ಕೊಂಡರೆ ತಪ್ಪಾಗುತ್ತಾ? ಮಲ್ಪೆಯಲ್ಲಿ ಬೋಟ್ ಇರುವ ನನ್ನ ಭಾವ, 'ನಾಳೆ ನಮ್ಮ ಗತಿಯೂ ಇಷ್ಟೇ' ಅನ್ನುತ್ತಾರೆ.

ಉತ್ತರ: ನಿಮ್ಮ ಹೊಟ್ಟೆ ಉರಿದದ್ದು ನನಗೆ ಅರ್ಥವಾಗುತ್ತದೆ. ಆ ಕಡೆಯ ದ್ವೀಪಗಳಲ್ಲಿ ಮೀನಿನ ಲೆಕ್ಕ ಬರೆಯುವ ಕೆಲಸಕ್ಕೆ ಮೊದಲ ಸಲ ಹೋದಾಗ ನನಗೂ ಹಾಗೇ ಆಗಿತ್ತು. ಆದರೆ ನೀವು ಕಂಡದ್ದರಲ್ಲಿ ಎರಡು ಬೇರೆ ಕಥೆಗಳಿವೆ. ಒಂದು ದೂರದ ನೀಲಿ ಕಡಲಿನದು, ಇನ್ನೊಂದು ದಡದ ತಿಳಿನೀರಿನದು. ಮೊದಲನೆಯದನ್ನು ದರೋಡೆ ಅನ್ನುವುದು ನಲವತ್ತು ವರ್ಷದ ಹಿಂದೆ ಸರಿಯಾಗಿತ್ತು, ಈಗ ಅಷ್ಟು ಸರಿಯಲ್ಲ. ಎರಡನೆಯದು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಅದರದ್ದೇ.

ಮೊದಲು ಆ ದೇಶದ ಅಳತೆ ನೋಡೋಣ. ಕಿರಿಬಾಟಿ ಅಂತ ಬರೆದರೂ ಅವರು ಹೇಳುವುದು 'ಕಿರಿಬಾಸ್'. ಅವರ ಭಾಷೆಯಲ್ಲಿ 'ti' ಅಂತ ಬರೆದದ್ದಕ್ಕೆ 'ಸ್' ಉಚ್ಚಾರ. 33 ದ್ವೀಪ, ಎಲ್ಲ ಸೇರಿಸಿದರೂ 811 ಚದರ ಕಿಲೋಮೀಟರ್ ನೆಲ. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಜನ ಸುಮಾರು 1 ಲಕ್ಷ 20 ಸಾವಿರ. ಆದರೆ ದ್ವೀಪದಿಂದ 200 ನಾಟಿಕಲ್ ಮೈಲಿವರೆಗಿನ ಕಡಲು ಅವರದ್ದೇ. ಅದು ಸುಮಾರು 35 ಲಕ್ಷ ಚದರ ಕಿಲೋಮೀಟರ್, ಇಡೀ ಭಾರತದ ನೆಲಕ್ಕಿಂತ ದೊಡ್ಡದು! ಬೆಂಗಳೂರಿನಷ್ಟು ಮನೆ, ಭಾರತದಷ್ಟು ಹಿತ್ತಲು. ಆ ಹಿತ್ತಲಿನಲ್ಲಿ ಓಡಾಡುವ ಮುಖ್ಯ ಮೀನು ಸ್ಕಿಪ್‌ಜಾಕ್ ಟ್ಯೂನಾ, ನಮ್ಮ ಕರಾವಳಿಯವರು ಕೇದರ ಅನ್ನುತ್ತಾರಲ್ಲ ಆ ಜಾತಿಯದ್ದೇ.

ಇನ್ನು ದರೋಡೆಯ ಮಾತು. 1980ರ ಸುಮಾರಿಗೆ ಅಮೆರಿಕದ ದೊಡ್ಡ ಪರ್ಸಿನ್ ಹಡಗುಗಳು (ಮೀನಿನ ಗುಂಪಿಗೇ ಬಲೆ ಸುತ್ತಿ ಹಿಡಿಯುವಂಥವು) ಈ ಭಾಗಕ್ಕೆ ಬರತೊಡಗಿದವು. ಅಮೆರಿಕದ ವಾದ ಕೇಳಿ: ಟ್ಯೂನಾ ಊರಿಂದೂರಿಗೆ ಅಲೆಯುವ ಮೀನು, ಅದು ಯಾವ ದೇಶದ್ದೂ ಅಲ್ಲ, ಹಾಗಾಗಿ ಲೈಸನ್ಸ್ ಯಾಕೆ ತಗೋಬೇಕು? 1984ರಲ್ಲಿ ಸೊಲೊಮನ್ ದ್ವೀಪದವರಿಗೆ ಸಾಕಾಗಿ ಹೋಯಿತು. ಲೈಸನ್ಸ್ ಇಲ್ಲದೆ ಮೀನು ಹಿಡಿದ ಒಂದು ಅಮೆರಿಕನ್ ಹಡಗನ್ನು ಹಿಡಿದು ಮುಟ್ಟುಗೋಲು ಹಾಕಿಕೊಂಡರು. ಸಿಟ್ಟಿಗೆದ್ದ ಅಮೆರಿಕ ಅವರ ಮೀನಿನ ಆಮದನ್ನೇ ನಿಲ್ಲಿಸಿತು. ಮರುವರ್ಷ ಕಿರಿಬಾಟಿ ಒಂದು ದಾಳ ಉರುಳಿಸಿತು. ತಮ್ಮ ಕಡಲಲ್ಲಿ ಮೀನು ಹಿಡಿಯಲು ಸೋವಿಯತ್ ರಷ್ಯಾಕ್ಕೆ ದುಡ್ಡಿಗೆ ಅನುಮತಿ ಕೊಟ್ಟಿತು. ಶೀತಲ ಸಮರದ ಕಾಲ ನೋಡಿ. ಪೆಸಿಫಿಕ್ ನಡುವೆ ರಷ್ಯಾದ ಹಡಗು ಅಂದರೆ ಅಮೆರಿಕಕ್ಕೆ ನಿದ್ದೆ ಬರುತ್ತದಾ? 1987ರಲ್ಲಿ ಅದು ಪೆಸಿಫಿಕ್‌ನ ಹದಿನಾರು ದೇಶಗಳ ಜೊತೆ ಒಪ್ಪಂದಕ್ಕೆ ಬಂತು, ದುಡ್ಡು ಕೊಡಲು ಒಪ್ಪಿತು.

ಆದರೂ ಕೊಡುತ್ತಿದ್ದ ದುಡ್ಡು ಪುಡಿಗಾಸು. ಹಿಡಿದ ಮೀನಿನ ಬೆಲೆಯಲ್ಲಿ ನೂರಕ್ಕೆ ಐದಾರು ಸಿಕ್ಕರೆ ಹೆಚ್ಚು. ಯಾಕೆಂದರೆ ಒಂದು ದೇಶ ರೇಟು ಏರಿಸಿದರೆ ಹಡಗು ಪಕ್ಕದ ದೇಶಕ್ಕೆ ಹೋಗುತ್ತಿತ್ತು. ಸಂತೆಯಲ್ಲಿ ಹತ್ತು ಜನ ಒಂದೇ ಸೊಪ್ಪು ಇಟ್ಟುಕೊಂಡು ಕೂತರೆ ಆಗುತ್ತದಲ್ಲ, ಹಾಗೆ. ಇದಕ್ಕೆ ಮದ್ದು ಹುಡುಕಿದವರು ನೌರು ಒಪ್ಪಂದದ ಎಂಟು ದೇಶಗಳು: ಕಿರಿಬಾಟಿ, ನೌರು, ತುವಾಲು, ಪಲಾವು, ಮಾರ್ಷಲ್ ದ್ವೀಪ, ಮೈಕ್ರೊನೇಷ್ಯಾ, ಸೊಲೊಮನ್, ಪಪುವಾ ನ್ಯೂಗಿನಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 1982ರಲ್ಲಿ, ಅದಕ್ಕೆ ಹಲ್ಲು ಬಂದದ್ದು 2007ರ ನಂತರ. ಮೀನನ್ನಲ್ಲ, ದಿನವನ್ನು ಮಾರೋಣ ಅಂತ ತೀರ್ಮಾನಿಸಿದರು. ಎಲ್ಲ ದೇಶದ ಕಡಲಲ್ಲಿ ಸೇರಿ ವರ್ಷಕ್ಕೆ ಇಷ್ಟೇ ಹಡಗು-ದಿನ, ಸುಮಾರು 45 ಸಾವಿರ. ಅದನ್ನು ತಮ್ಮೊಳಗೆ ಹಂಚಿಕೊಂಡರು. ಒಂದು ದಿನದ ಕನಿಷ್ಠ ಬೆಲೆಯನ್ನೂ ಕಟ್ಟಿದರು. ಮೊದಲು 5,000 ಡಾಲರ್, 2015ರ ಹೊತ್ತಿಗೆ 8,000. ಅದಕ್ಕಿಂತ ಕಡಿಮೆಗೆ ಯಾರೂ ಮಾರುವ ಹಾಗಿಲ್ಲ. ಮೀನು ಸಿಗಲಿ ಬಿಡಲಿ, ದಿನದ ದುಡ್ಡು ಇಡಬೇಕು.

2010ರಲ್ಲಿ ಎಲ್ಲ ದೇಶಕ್ಕೂ ಸೇರಿ ಬರುತ್ತಿದ್ದದ್ದು ಸುಮಾರು 6 ಕೋಟಿ ಡಾಲರ್. ಹತ್ತು ವರ್ಷದೊಳಗೆ ಅದು ಸುಮಾರು 50 ಕೋಟಿಗೆ ಏರಿತು. ಒಂದು ಹಡಗು ಒಂದು ದಿನಕ್ಕೆ ಸರಾಸರಿ 30 ಟನ್ ಹಿಡಿಯಿತು, ಟನ್ನಿಗೆ 1,500 ಡಾಲರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. 45 ಸಾವಿರ ಡಾಲರ್ ಆಯಿತು. ಅದರಲ್ಲಿ ಎಂಟೊಂಬತ್ತು ಸಾವಿರ ದೇಶಕ್ಕೆ, ಅಂದರೆ ಐದರಲ್ಲೊಂದು ಪಾಲು. ಇದು ನನ್ನ ಕೈಲೆಕ್ಕ, ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಆಗುತ್ತದೆ. ಕಿರಿಬಾಟಿ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಈ ಬಾಬ್ತಿನಿಂದಲೇ. ಸ್ಕೂಲು, ಆಸ್ಪತ್ರೆ, ಸಂಬಳ ಎಲ್ಲ ಇದರ ಮೇಲೇ ನಿಂತಿದೆ. ಹಾಗಾಗಿ ನೀವು ನೋಡಿದ ಆ ಕ್ರೇನು ಎತ್ತುತ್ತಿದ್ದದ್ದು ಕದ್ದ ಮಾಲಲ್ಲ, ಬಾಡಿಗೆ ಕೊಟ್ಟ ಮಾಲು. ಬಾಡಿಗೆ ಸಾಕೇ ಅನ್ನುವುದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಇನ್ನೂ ಏರಿಸಲು ಜಾಗ ಇದೆ. ಆದರೆ ಸಣ್ಣ ದೇಶಗಳು ಒಟ್ಟಾಗಿ ದೊಡ್ಡವರ ಹತ್ತಿರ ಇಷ್ಟು ಕಿತ್ತುಕೊಂಡ ಇನ್ನೊಂದು ಉದಾಹರಣೆ ಮೀನಿನ ಲೋಕದಲ್ಲಿ ನಾನು ಕಂಡಿಲ್ಲ.

ನೀವು ನೋಡಿದ ವರ್ಗಾವಣೆಯೂ ಒಂದು ಗೆಲುವೇ. ಪರ್ಸಿನ್ ಹಡಗುಗಳು ನಡುಸಮುದ್ರದಲ್ಲಿ ಮೀನು ದಾಟಿಸುವಂತಿಲ್ಲ, ಬಂದರಿಗೆ ಬಂದೇ ಮಾಡಬೇಕು. ಅಲ್ಲಿ ತೂಕ ನೋಡುತ್ತಾರೆ, ಫೀಸು ಹಾಕುತ್ತಾರೆ. 2010ರಿಂದ ಪ್ರತಿ ಪರ್ಸಿನ್ ಹಡಗಿನಲ್ಲೂ ಒಬ್ಬ ವೀಕ್ಷಕ ಇರಬೇಕೆಂಬ ನಿಯಮ ಬಂತು, ಕೋವಿಡ್ ಕಾಲದಲ್ಲಿ ಮಾತ್ರ ನಿಂತಿತ್ತು. ದ್ವೀಪದ ಹುಡುಗರೇ ಆ ಕೆಲಸಕ್ಕೆ ಹೋಗುತ್ತಾರೆ. ಭಾಷೆ ಬಾರದ ಹಡಗಿನಲ್ಲಿ ವಾರಗಟ್ಟಲೆ ಒಬ್ಬನೇ ಕೂತು ಎಲ್ಲರ ತಪ್ಪು ಬರೆಯುವ ಕೆಲಸ. ಅವರಲ್ಲಿ ಕೆಲವರು ಸಮುದ್ರದಲ್ಲೇ ಸತ್ತಿದ್ದಾರೆ, ಹೇಗೆ ಅನ್ನುವುದು ಕೊನೆಗೂ ತಿಳಿಯದ ಪ್ರಕರಣಗಳೂ ಇವೆ. ಡಬ್ಬಿಯ ಮೇಲಿನ 'ಪರಿಸರಸ್ನೇಹಿ' ಮುದ್ರೆ ನೋಡಿದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಮೀನು ಮುಗಿದು ಹೋಗುತ್ತದಾ? ಸ್ಕಿಪ್‌ಜಾಕ್ ಸದ್ಯಕ್ಕೆ ಮುಗಿಯುವ ಮೀನಲ್ಲ. ಸುಮಾರು ಒಂದು ವರ್ಷಕ್ಕೇ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ, ಬಿಸಿನೀರಿನಲ್ಲಿ ವರ್ಷವಿಡೀ ಇಡುತ್ತದೆ. ಈ ಭಾಗದಲ್ಲಿ ಅದರ ದಾಸ್ತಾನು ಅಳತೆ ಮೀರಿ ಬರಿದಾಗಿಲ್ಲ ಅಂತಲೇ ವಿಜ್ಞಾನಿಗಳ ಲೆಕ್ಕ. ನಿಧಾನ ಬೆಳೆಯುವ ಬಿಗ್‌ಐ ಟ್ಯೂನಾ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಹಡಗಿನವರು ತೇಲುವ ತೆಪ್ಪ ಬಿಡುತ್ತಾರೆ, ಅದಕ್ಕೆ ಜಿಪಿಎಸ್ಸೂ ಅಡಿಯಲ್ಲಿ ಎಷ್ಟು ಮೀನಿದೆ ಅಂತ ಹೇಳುವ ಯಂತ್ರವೂ ಇರುತ್ತದೆ. ಅದರ ನೆರಳಿಗೆ ದೊಡ್ಡದು, ಮರಿ ಎಲ್ಲ ಸೇರುತ್ತವೆ. ಬಲೆ ಸುತ್ತಿದರೆ ಬಿಗ್‌ಐ ಮರಿಯೂ ಬರುತ್ತದೆ. ಅದಕ್ಕೇ 2009ರಿಂದ ವರ್ಷದಲ್ಲಿ ಕೆಲವು ಕಾಲ ತೆಪ್ಪದ ಸುತ್ತ ಬಲೆ ಹಾಕುವಂತಿಲ್ಲ. ನಮ್ಮಲ್ಲಿ ಜೂನ್-ಜುಲೈಯಲ್ಲಿ 61 ದಿನ ಬೋಟ್ ದಕ್ಕೆಯಲ್ಲಿ ನಿಲ್ಲುವುದಿಲ್ಲವಾ, ಆ ಜಾತಿಯ ನಿಯಮ.

ಈಗ ಡಬ್ಬಿಯ ಕಥೆ. ಅವರ ಮೀನು ಬ್ಯಾಂಕಾಕಿಗೆ ಹೋಗಿ ಡಬ್ಬಿಯಾಗಿ ಅವರಿಗೇ ಬರುವುದು ತಮಾಷೆಯಾಗಿ ಕಾಣುತ್ತದೆ, ನಿಜ. ಆದರೆ ತರಾವಾದಲ್ಲಿ ಫ್ಯಾಕ್ಟರಿ ಹಾಕಲು ಹೊರಡಿ ನೋಡೋಣ. ಮೊದಲು ಬೇಕಾದದ್ದು ಸಿಹಿನೀರು. ಹವಳದ ದ್ವೀಪದಲ್ಲಿ ನದಿ ಇಲ್ಲ, ಬೆಟ್ಟ ಇಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ಮಳೆನೀರಿನ ತೆಳು ಪದರ ತೇಲುತ್ತದೆ, ಜನ ಕುಡಿಯುವುದೇ ಅದನ್ನು. ಕರೆಂಟಿಗೆ ಹೆಚ್ಚಿನ ಪಾಲು ಹೊರಗಿನಿಂದ ತಂದ ಡೀಸೆಲ್. ಡಬ್ಬಿಯ ತಗಡು, ಎಣ್ಣೆ ಎಲ್ಲ ಹೊರಗಿನದು. ಥಾಯ್ಲೆಂಡಿನ ಫ್ಯಾಕ್ಟರಿಗಳಲ್ಲಾದರೆ ಮಯನ್ಮಾರಿನಿಂದ ಬಂದ ಸಾವಿರಾರು ಕೆಲಸಗಾರರು ಕಡಿಮೆ ಕೂಲಿಗೆ ಕೈಯಲ್ಲೇ ಮೀನು ಬಿಡಿಸುತ್ತಾರೆ. ಅವರೊಡನೆ ಪೈಪೋಟಿ ಮಾಡಬೇಕು.

ಇದೆಲ್ಲ ದಾಟಿದಿರಿ ಅಂತಿಟ್ಟುಕೊಳ್ಳಿ, ಮುಂದೆ ಕಾಗದಪತ್ರದ ಗೋಡೆ. ಯುರೋಪಿಗೆ ಸುಂಕವಿಲ್ಲದೆ ಕಳಿಸಬೇಕಾದರೆ ಮೀನು 'ನಿಮ್ಮದು' ಆಗಿರಬೇಕು. ನಿಮ್ಮ ಕಡಲಲ್ಲಿ ಹಿಡಿದರೂ, ಹಿಡಿದದ್ದು ಕೊರಿಯಾದ ಹಡಗಾದರೆ ಅದು ನಿಮ್ಮ ಮೀನಲ್ಲ! ಪಪುವಾ ನ್ಯೂಗಿನಿ ಹಟ ಹಿಡಿದು ಈ ನಿಯಮದಿಂದ ವಿನಾಯಿತಿ ಪಡೆಯಿತು, ಅದಕ್ಕೇ ಅಲ್ಲಿ ಕೆಲವು ಫ್ಯಾಕ್ಟರಿಗಳು ನಡೆಯುತ್ತಿವೆ. ಸೊಲೊಮನ್‌ನ ನೊರೊ ಊರಿನಲ್ಲೂ ಒಂದಿದೆ, ಹೆಚ್ಚಿನ ಕೆಲಸಗಾರರು ಹೆಂಗಸರು. ಆದರೆ ಆ ಎರಡೂ ದೇಶಗಳಲ್ಲಿ ಬೆಟ್ಟವಿದೆ, ನದಿಯಿದೆ, ಜನರಿದ್ದಾರೆ.

ಇದರ ಉಲ್ಟಾ ಕಥೆ ನಮ್ಮ ಪಕ್ಕದಲ್ಲೇ ನಡೆಯಿತು. ಮಾಲ್ಡೀವ್ಸ್‌ನವರು ಟ್ಯೂನಾಕ್ಕೆ ಬಲೆ ಹಾಕುವುದೇ ಇಲ್ಲ. ಸಣ್ಣ ಮೀನನ್ನು ನೀರಿಗೆ ಎರಚಿ, ಗಳಕ್ಕೆ ಗಾಳ ಕಟ್ಟಿ ಒಂದೊಂದಾಗಿ ಎತ್ತುತ್ತಾರೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೇ ಪದ್ಧತಿ. ಸ್ವಂತ ದೋಣಿ, ಸ್ವಂತ ಮೀನು, ಪರಿಸರಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಆದರೆ 2011ರಲ್ಲಿ ಮಾಲ್ಡೀವ್ಸ್ 'ಅತಿ ಹಿಂದುಳಿದ ದೇಶ'ಗಳ ಪಟ್ಟಿಯಿಂದ ಮೇಲೆ ಬಂತು. ಮೇಲೆ ಬಂದದ್ದಕ್ಕೆ ಬಹುಮಾನ ಏನು ಗೊತ್ತಾ? 2014ರಿಂದ ಯುರೋಪಿನ ಸುಂಕ ರಿಯಾಯಿತಿ ರದ್ದು, ಡಬ್ಬಿ ಟ್ಯೂನಾಕ್ಕೆ 24 ಶೇಕಡಾ ಸುಂಕ. ಜಾಗತೀಕರಣದ ಏಟು ಕಾಣಬೇಕಾದರೆ ಲಂಗರು ಹಾಕಿದ ಹಡಗಿಗಿಂತ ಇಂಥ ಸುಂಕದ ಪಟ್ಟಿ ನೋಡಬೇಕು.

ಈಗ ನಿಮ್ಮ ಕಣ್ಣಿಗೆ ಬೀಳದ ಕಥೆ. ತರಾವಾ ಒಂದು ಉಂಗುರ ಮುರಿದ ಹಾಗಿದೆ. ನಡುವೆ ತಿಳಿನೀರಿನ ಲಗೂನ್, ಸುತ್ತ ಹವಳದ ದಿಬ್ಬ. ದೇಶದ ಅರ್ಧದಷ್ಟು ಜನ ಅದರ ದಕ್ಷಿಣದ ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ವಾಸಿಸುತ್ತಾರೆ. ಸರ್ಕಾರಿ ಕೆಲಸ, ಬಂದರು, ಅಂಗಡಿ ಎಲ್ಲ ಅಲ್ಲೇ ಇರುವುದರಿಂದ ಹೊರ ದ್ವೀಪದವರೂ ಅಲ್ಲಿಗೇ ಬರುತ್ತಾರೆ. ಇವರಿಗೆ ದಿನದ ಮೀನು ಬರುವುದು ಮುಖ್ಯವಾಗಿ ಈ ಲಗೂನ್, ದಿಬ್ಬ, ಹತ್ತಿರದ ಕಡಲಿನಿಂದ. ಪರ್ಸಿನ್ ಹಡಗು ಇಲ್ಲಿಗೆ ಬರುವುದಿಲ್ಲ. ಆದರೂ ಇಲ್ಲಿ ಮೀನು ಸೊರಗಿದೆ. ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಲ್ಲಿ ಕೂತು ಆರಿಸುತ್ತಿದ್ದ 'ತೆ ಬುನ್' ಅನ್ನುವ ಚಿಪ್ಪು ಇದೆ, ನಮ್ಮ ಮರುವಾಯಿ ಇದ್ದ ಹಾಗೆ. ಅದು ತುಂಬ ಕಡಿಮೆಯಾಗಿದೆ. ದ್ವೀಪಗಳನ್ನು ಜೋಡಿಸಲು ಕಡಲಿಗೆ ಮಣ್ಣುಕಲ್ಲು ತುಂಬಿ ರಸ್ತೆ ಹಾಕಿದಾಗ, ಮೊಟ್ಟೆಯಿಡಲು ಲಗೂನಿನಿಂದ ಹೊರಗೆ ಹೋಗುತ್ತಿದ್ದ ಬೋನ್‌ಫಿಶ್‌ನ ದಾರಿಗಳು ಮುಚ್ಚಿಹೋದವು. ಇದರಲ್ಲಿ ವಿದೇಶಿ ಹಡಗಿನ ಪಾತ್ರ ಏನೂ ಇಲ್ಲ. ರಸ್ತೆ, ಜನಸಂದಣಿ, ಸಣ್ಣ ಕಣ್ಣಿನ ಬಲೆ, ಮೋಟಾರು ಎಂಜಿನ್ ಸಾಕು.

ಒಂದು ವಿಚಿತ್ರ ಸಂಗತಿ. ಕೊಬ್ಬರಿ ಅಲ್ಲಿನ ಹಳೆಯ ರಫ್ತು ಮಾಲು. 2000ದ ದಶಕದಲ್ಲಿ ಸರ್ಕಾರ ಕೊಬ್ಬರಿಗೆ ಕೊಡುವ ಬೆಲೆ ಏರಿಸಿತು. ಜನ ತೆಂಗಿನ ಕೆಲಸಕ್ಕೆ ಹೋಗುತ್ತಾರೆ, ದಿಬ್ಬದ ಮೀನಿಗೆ ಬಿಡುವು ಸಿಗುತ್ತದೆ ಅನ್ನುವ ಲೆಕ್ಕಾಚಾರವೂ ಇತ್ತು. ಆದದ್ದು ಬೇರೆ. ಸ್ವಲ್ಪ ಹೊತ್ತು ಕೊಬ್ಬರಿ ಮಾಡಿದರೆ ಸಂಸಾರಕ್ಕೆ ಸಾಕಾಯಿತು, ಉಳಿದ ಹೊತ್ತು ಖಾಲಿ. ಖಾಲಿ ಹೊತ್ತಿನಲ್ಲಿ ಏನು ಮಾಡುವುದು? ಮೀನು ಹಿಡಿಯುವುದು! ಅದು ಅವರಿಗೆ ದುಡಿಮೆಯಷ್ಟೇ ಖುಷಿಯೂ ಹೌದು. ಸಂಶೋಧಕರು ಮನೆಮನೆಗೆ ಹೋಗಿ ಕೇಳಿದಾಗ ಮೀನುಗಾರಿಕೆ ಹೆಚ್ಚಾಗಿತ್ತು. ತಿಪಟೂರಿನಲ್ಲಿ ಕೊಬ್ಬರಿ ರೇಟು ಏರಿದರೆ ಕೆರೆಗೆ ಯಾರೂ ಗಾಳ ಹಿಡಿದು ಹೋಗುವುದಿಲ್ಲ, ಅದಕ್ಕೇ ಹೇಳಿದೆ ವಿಚಿತ್ರ ಅಂತ.

ಇನ್ನು ನಾನೇ ಕಂಡ ಒಂದು ದೃಶ್ಯ. ದಕ್ಷಿಣ ತರಾವಾದ ರಸ್ತೆ ಬದಿಯಲ್ಲಿ ಸಂಜೆ ಹೆಂಗಸರು ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ಗಂಡನೋ ಮಗನೋ ಸಣ್ಣ ದೋಣಿಯಲ್ಲಿ ಹೋಗಿ ಹಿಡಿದು ತಂದ ಟ್ಯೂನಾ ಅದರಲ್ಲಿ. ಒಬ್ಬ ಹೆಂಗಸು ತೆಂಗಿನ ಗರಿಯಲ್ಲಿ ನೊಣ ಓಡಿಸುತ್ತಾ ಕೂತಿದ್ದರು, ಪೆಟ್ಟಿಗೆ ಅರ್ಧವೂ ಖಾಲಿಯಾಗಿರಲಿಲ್ಲ. ಯಾಕೆ ವ್ಯಾಪಾರ ಇಲ್ಲ ಅಂತ ಕೇಳಿದೆ. ಗಲ್ಲ ಎತ್ತಿ ಹಡಗುಗಳ ಕಡೆ ತೋರಿಸಿದರು. ಹಡಗು ಮೀನು ದಾಟಿಸುವಾಗ ಸಣ್ಣದು, ಜಜ್ಜಿದ್ದು, ಬ್ಯಾಂಕಾಕಿಗೆ ಬೇಡದ್ದು ಉಳಿಯುತ್ತದೆ. ಉಪ್ಪುನೀರಿನ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿದ ಆ ಮೀನು ದಡಕ್ಕೆ ಬಂದು ಅಗ್ಗಕ್ಕೆ ಹೋಗುತ್ತದೆ. ಆವತ್ತು ಪೇಟೆ ತುಂಬ ಅದೇ ಇತ್ತು. ಬಡವರಿಗೆ ಅಗ್ಗದ ಮೀನು ಸಿಕ್ಕಿತು ಅನ್ನಬಹುದು, ಸುಳ್ಳಲ್ಲ. ಆದರೆ ಪೆಟ್ರೋಲ್ ಹಾಕಿ ಕಡಲಿಗೆ ಹೋದವನ ಖರ್ಚು ಹುಟ್ಟಲಿಲ್ಲ. ಸೊಲೊಮನ್‌ನ ಹೊನಿಯಾರಾ ಪೇಟೆಯಲ್ಲೂ ಈ ಉಪ್ಪುಮೀನಿನ ವ್ಯಾಪಾರ ಜೋರು.

ಹಾಗಾದರೆ ಅವರ ಮುಂದೆ ಏನು ದಾರಿ? ಪೂರ್ತಿ ಬಂದ್ ಮಾಡುವುದನ್ನು ಒಂದು ಭಾಗದಲ್ಲಿ ಮಾಡಿ ನೋಡಿದ್ದಾರೆ. ಫೀನಿಕ್ಸ್ ದ್ವೀಪಗಳ ಸುತ್ತಲಿನ ಕಡಲನ್ನು 2008ರಲ್ಲಿ ಸಂರಕ್ಷಿತ ಪ್ರದೇಶ ಮಾಡಿ, 2015ರಿಂದ ವಾಣಿಜ್ಯ ಮೀನುಗಾರಿಕೆ ನಿಲ್ಲಿಸಿದರು. ಲೋಕವೆಲ್ಲ ಚಪ್ಪಾಳೆ ಹೊಡೆಯಿತು. ಆದರೆ ಚಪ್ಪಾಳೆಯಿಂದ ಖಜಾನೆ ತುಂಬಲಿಲ್ಲ. 2021ರಲ್ಲಿ ಮತ್ತೆ ತೆರೆಯುತ್ತೇವೆ ಅಂತ ಸರ್ಕಾರ ಘೋಷಿಸಿತು. ನನಗೆ ಬೇಜಾರಾಯಿತು, ಆದರೆ ಬೈಯಲು ಬಾಯಿ ಬರಲಿಲ್ಲ.

ತಾವೇ ದೊಡ್ಡ ಹಡಗು ಇಡುವುದೂ ಇದೆ. ವಿದೇಶಿ ಕಂಪನಿ ಜೊತೆ ಪಾಲುದಾರಿಕೆ ಮಾಡಿ ಕಿರಿಬಾಟಿ ಬಾವುಟ ಹಾರಿಸಬಹುದು. ಲಾಭ ಬಂದರೆ ಪಾಲು ಸಿಗುತ್ತದೆ. ಆದರೆ ಡೀಸೆಲ್ ಏರಿ ಬ್ಯಾಂಕಾಕ್ ರೇಟು ಬಿದ್ದ ವರ್ಷ ನಷ್ಟಕ್ಕೂ ನೀವೇ ಹೆಗಲು ಕೊಡಬೇಕು. ಜೊತೆಗೆ ಜವಾಬ್ದಾರಿಯೂ ಬರುತ್ತದೆ. ಕಳ್ಳ ಮೀನುಗಾರಿಕೆ ತಡೆಯುವ ವ್ಯವಸ್ಥೆ ಸಾಲದು ಅಂತ 2016ರಲ್ಲಿ ಯುರೋಪ್ ಕಿರಿಬಾಟಿಗೆ ಹಳದಿ ಕಾರ್ಡ್ ತೋರಿಸಿತ್ತು, ಅದು ತೆರವಾದದ್ದು 2020ರ ಕೊನೆಗೆ.

ಬಾಡಿಗೆಯನ್ನೇ ನಂಬಿ ಕೂರುವುದರಲ್ಲೂ ಅಪಾಯವಿದೆ. ಎಲ್ ನಿನ್ಯೊ ವರ್ಷದಲ್ಲಿ ಬೆಚ್ಚಗಿನ ನೀರಿನ ಜೊತೆ ಟ್ಯೂನಾ ಪೂರ್ವಕ್ಕೆ, ಕಿರಿಬಾಟಿ ಕಡೆಗೆ ಬರುತ್ತದೆ. ಲಾ ನಿನ್ಯಾ ಬಂದರೆ ಪಶ್ಚಿಮಕ್ಕೆ ಹೋಗುತ್ತದೆ. ಕಡಲು ಬಿಸಿಯಾಗುತ್ತಾ ಹೋದರೆ ಮೀನು ಇನ್ನೂ ಪೂರ್ವಕ್ಕೆ, ಯಾರಿಗೂ ಸೇರದ ಮುಕ್ತ ಸಮುದ್ರಕ್ಕೆ ಸರಿಯಬಹುದು ಅನ್ನುವುದು ವಿಜ್ಞಾನಿಗಳ ಅಂದಾಜು. ಅಲ್ಲಿ ದಿನದ ಬಾಡಿಗೆ ವಸೂಲಿ ಮಾಡುವವರು ಯಾರು? ಒಳ್ಳೆಯ ವರ್ಷದ ದುಡ್ಡು ಕೂಡಿಡುವ ಅಭ್ಯಾಸ ಅವರಿಗಿದೆ ಅನ್ನುವುದು ಸಮಾಧಾನ. ಬನಾಬಾ ದ್ವೀಪದ ಫಾಸ್ಫೇಟ್ ಅಗೆದ ದುಡ್ಡಿನಿಂದ 1956ರಲ್ಲಿ ಶುರುಮಾಡಿದ ನಿಧಿ ಈಗಲೂ ಇದೆ. ಫಾಸ್ಫೇಟ್ ಅಗೆಯುವುದು 1979ರಲ್ಲೇ ನಿಂತಿತು.

ನನ್ನನ್ನು ಕೇಳಿದರೆ, ಬಾಡಿಗೆ ದುಡ್ಡಿನಲ್ಲಿ ಒಂದು ಪಾಲನ್ನು ಕಡ್ಡಾಯವಾಗಿ ಲಗೂನಿಗೆ ಹಾಕಬೇಕು. ದಡದಿಂದ ಸ್ವಲ್ಪ ದೂರದಲ್ಲಿ ತಳಕ್ಕೆ ಲಂಗರು ಹಾಕಿದ ತೆಪ್ಪ ಬಿಟ್ಟರೆ ಟ್ಯೂನಾ ಅದರ ಹತ್ತಿರ ಬರುತ್ತದೆ, ಸಣ್ಣ ದೋಣಿಯವರಿಗೂ ಕೈಗೆ ಸಿಗುತ್ತದೆ, ದಿಬ್ಬದ ಮೀನಿಗೆ ಬಿಡುವು. ಫ್ಯಾಕ್ಟರಿಯ ಮುಂದೆ ಇದರ ಖರ್ಚು ಏನೇನೂ ಅಲ್ಲ. ತೊಂದರೆ ಅಂದರೆ ಬಿರುಗಾಳಿಗೆ ಹಗ್ಗ ಹರಿಯುತ್ತದೆ, ಮತ್ತೆ ಕಟ್ಟಲು ಇಲಾಖೆಯಲ್ಲಿ ದುಡ್ಡಿರುವುದಿಲ್ಲ. ಕಿರಿಬಾಟಿಯದ್ದೇ ಆದ ಕ್ರಿಸ್ಮಸ್ ದ್ವೀಪದಲ್ಲಿ ಇನ್ನೊಂದು ದಾರಿ ಇದೆ: ಬೋನ್‌ಫಿಶ್ ಗಾಳಕ್ಕೆ ಹಿಡಿದು ಫೋಟೋ ತೆಗೆದು ವಾಪಸ್ ಬಿಡಲು ವಿದೇಶಿಯರು ದುಡ್ಡು ಕೊಟ್ಟು ಬರುತ್ತಾರೆ. ತಿನ್ನದೆ ಬಿಡುವ ಮೀನಿಗೆ ಇಷ್ಟು ರೇಟಾ ಅಂತ ನಿಮ್ಮ ಭಾವ ನಗಬಹುದು.

ಭಾವನವರ ಮಾತಿಗೂ ಒಂದೆರಡು ಸಾಲು. ಮಲ್ಪೆಯ ಗತಿ ತರಾವಾದ್ದಾಗುವುದಿಲ್ಲ, ಯಾಕೆಂದರೆ ನಮ್ಮ ಕಡಲಲ್ಲಿ ಮೀನು ಹಿಡಿಯುವವರು ನಾವೇ. 1970ರ ದಶಕದಲ್ಲಿ ಪರ್ಸಿನ್ ಬಂದು, ದಡದಿಂದ ಎಳೆಯುವ ರಂಪಣಿ ಬಲೆಯವರನ್ನು ಮೂಲೆಗೆ ತಳ್ಳಿತಲ್ಲ, ಆ ಬೋಟುಗಳೆಲ್ಲ ನಮ್ಮವರದ್ದೇ. 2017ರಲ್ಲಿ ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೆಳೆಯುವುದು), ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ನಿಷೇಧ ಮಾಡಬೇಕಾಗಿ ಬಂದದ್ದೂ ನಮ್ಮ ಬೋಟುಗಳಿಂದಲೇ. ಇದನ್ನು ಊಟದ ಹೊತ್ತಿನಲ್ಲಿ ಭಾವನ ಹತ್ತಿರ ಹೇಳಬೇಡಿ.

ಕೊನೆಗೆ, ಅಲ್ಲಿ ಮೀನು ಕೊಂಡರೆ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಕೊಳ್ಳಿ. ಹಡಗಿನ ಪಕ್ಕಕ್ಕೆ ಯಾರಾದರೂ ಜಜ್ಜಿದ ಹೆಪ್ಪುಮೀನು ತಂದರೆ ಬೇಡ ಅನ್ನಿ. ದಡಕ್ಕಿಳಿದು ರಸ್ತೆ ಬದಿಯ ಐಸ್ ಪೆಟ್ಟಿಗೆಯಿಂದ ಟ್ಯೂನಾ ತಗೊಳ್ಳಿ, ಚೌಕಾಸಿ ಜಾಸ್ತಿ ಮಾಡಬೇಡಿ. ಹವಳದ ದಿಬ್ಬದ ದೊಡ್ಡ ಮೀನು ಮಾತ್ರ ಬಿಟ್ಟುಬಿಡಿ. ಅಂಥ ಮೀನಿನಲ್ಲಿ ಕೆಲವೊಮ್ಮೆ ಸಿಗುವಾಟೆರಾ ಅನ್ನುವ ವಿಷ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿಯಾಗುತ್ತದೆ, ತಣ್ಣನೆಯ ನೀರು ಮುಟ್ಟಿದರೆ ಸುಟ್ಟಂತಾಗುತ್ತದೆ. ನಡುಸಮುದ್ರದಲ್ಲಿ ಎಂಜಿನ್ ರೂಮಿನವರಿಗೆ ಅದು ಬೇಡ.